ಗೊತ್ತಿದ್ದರೂ ಕೈ ಎತ್ತದ ಮಗಳು

ಪ್ರಶ್ನೆ: ನಾವು ಹೊಸನಗರ ತಾಲ್ಲೂಕಿನವರು. ಊರಿನ ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿ ಮುಗಿಸಿದ ಮಗಳನ್ನು ಈ ಜೂನ್‌ನಲ್ಲಿ ಶಿವಮೊಗ್ಗದ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಗೆ ಸೇರಿಸಿದ್ದೇವೆ. ಪತಿ ತೋಟ ನೋಡಿಕೊಂಡು ಊರಿನಲ್ಲಿದ್ದಾರೆ. ನಾನು, ಮಗಳು ಇಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಶಾಲೆಯಲ್ಲಿ ನೋಟ್ಸ್‌ನಲ್ಲಿರುವ ವಾಕ್ಯವನ್ನೇ ಬರೆಯಬೇಕು, ಪಾಠದ ನಡುವೆ ಪ್ರಶ್ನೆ ಕೇಳಬಾರದು, ಕನ್ನಡ ಮಾತನಾಡಿದರೆ ದಂಡ ಕಟ್ಟಬೇಕು. ಆಗುಂಬೆಯಲ್ಲಿ ಮಳೆ ಏಕೆ ಹೆಚ್ಚು ಎಂಬುದಕ್ಕೆ ಅವಳು ‘ಮೋಡ ನಮ್ಮೂರಲ್ಲೇ ಖಾಲಿಯಾಗಿ ಬರುತ್ತದೆ’ ಎಂದು ಸ್ವಂತ ಮಾತಿನಲ್ಲಿ ಬರೆದ ಉತ್ತರವನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ್ದಾರೆ. ‘ಅಮ್ಮಾ, ಇನ್ಮೇಲೆ ಗೊತ್ತಿದ್ರೂ ಕೈ ಎತ್ತಲ್ಲ’ ಎನ್ನುತ್ತಾಳೆ. ‘ಅವರು ಹೇಳಿದ ಹಾಗೆ ಮಾಡು’ ಎಂದು ನಾನು ಗದರಿದೆ. ತಪ್ಪು ಮಾಡಿದೆನೇ?

ಉತ್ತರ: ಪ್ರಿಯ ಸೋದರಿ, ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಕೆಂಪು ಶಾಯಿಯಲ್ಲ, ನಿಮ್ಮ ಮಗಳ ಆ ಒಂದು ಮಾತು. ಚುರುಕಾದ ಮಗು ತನಗೆ ತಿಳಿದಿರುವುದನ್ನು ಬಚ್ಚಿಡಲು ಕಲಿತರೆ ಅದು ಹೊರಗಿನವರಿಗೆ ಶಿಸ್ತಿನಂತೆಯೇ ಕಾಣುತ್ತದೆ, ಹಾಗಾಗಿ ಯಾರೂ ಗಮನಿಸುವುದಿಲ್ಲ. ನೀವು ಗಮನಿಸಿದ್ದೀರಿ. ಗದರಿದ್ದಕ್ಕಾಗಿ ಕೊರಗುತ್ತ ಕೂರಬೇಡಿ. ಇಂದು ರಾತ್ರಿಯೇ ಅವಳನ್ನು ಹತ್ತಿರ ಕೂರಿಸಿಕೊಂಡು, ಹೊಡೆದು ಹಾಕಿದ ಆ ಉತ್ತರವನ್ನು ಓದಿಸಿ ಕೇಳಿ.

ಅವಳು ಬರೆದಿರುವುದು ಸರಿಯಾಗಿಯೇ ಇದೆ. ಅರಬ್ಬಿ ಸಮುದ್ರದ ಕಡೆಯಿಂದ ತೇವ ಹೊತ್ತು ಬರುವ ಗಾಳಿ ಘಟ್ಟವನ್ನು ಏರುತ್ತ ತಣ್ಣಗಾಗಿ ಅಲ್ಲೇ ಮಳೆ ಸುರಿಸುತ್ತದೆ. ಪೂರ್ವಕ್ಕೆ ಇಳಿಯುವ ಹೊತ್ತಿಗೆ ಅದರಲ್ಲಿ ತೇವ ಕಡಿಮೆಯಾಗಿರುತ್ತದೆ. ಆದ್ದರಿಂದಲೇ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಿಂದ ಸುಮಾರು 90 ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ಬಂದರೆ ಮಳೆಯ ಅಬ್ಬರವೇ ಇಳಿದುಹೋಗಿರುತ್ತದೆ. ‘ಮೋಡ ನಮ್ಮೂರಲ್ಲೇ ಖಾಲಿಯಾಗಿ ಬರುತ್ತದೆ’ ಎಂದು ಬರೆದ ಮಗುವಿಗೆ ಆ ವಿಷಯ ಅರ್ಥವಾಗಿದೆ ಎಂಬುದನ್ನು ನೀವು ಬಾಯಿಬಿಟ್ಟು ಹೇಳಬೇಕು.

ಆದರೆ ಶಿಕ್ಷಕಿಯನ್ನು ಅವಳೆದುರು ಹಳಿಯಬೇಡಿ. ಕನ್ನಡ ಶಾಲೆಯಿಂದ ಬಂದ ಹುಡುಗಿಗೆ ಇಂಗ್ಲಿಷ್ ವಾಕ್ಯಗಳು ಕೈಗೆ ಹತ್ತಲಿ ಎಂದೇ ಅವರು ನೋಟ್ಸ್‌ಗೆ ಕಟ್ಟಿಹಾಕಿರಬಹುದು. ಪರೀಕ್ಷೆಯೊಳಗೆ ಪೋರ್ಷನ್ ಮುಗಿಸಬೇಕಾದ ಒತ್ತಡವೂ ಅವರ ಮೇಲಿರುತ್ತದೆ. ಡೈರಿಯಲ್ಲಿ ದೂರು ಬರೆದು ಕಳಿಸುವ ಬದಲು ಸಮಯ ಕೇಳಿಕೊಂಡು ಹೋಗಿ, ಆ ಪುಟವನ್ನು ತೋರಿಸಿ, ‘ವಿಷಯ ಸರಿಯಿದ್ದರೆ ಸ್ವಂತ ವಾಕ್ಯಕ್ಕೂ ಅಂಕ ಕೊಡಲು ಸಾಧ್ಯವೇ, ಅವಳ ಪ್ರಶ್ನೆಗಳಿಗೆ ಪಾಠ ಮುಗಿದ ಮೇಲೆ ಎರಡು ನಿಮಿಷ ಸಿಗಬಹುದೇ’ ಎಂದು ಕೇಳಿ. ಅವರು ಒಪ್ಪುವವರೆಗೆ ಶಾಲೆಯ ಪುಸ್ತಕದಲ್ಲಿ ಶಾಲೆಯ ಉತ್ತರ, ಮನೆಯ ಪುಸ್ತಕದಲ್ಲಿ ಅವಳ ಉತ್ತರ ಇರಲಿ. ಸಾಲಿನಲ್ಲಿ ನಿಲ್ಲುವುದು, ತನ್ನ ಸರದಿಗೆ ಕಾಯುವುದು ಮುಂತಾದ ನಿಯಮಗಳು ಜೊತೆಯ ಮಕ್ಕಳಿಗಾಗಿ ಇರುವಂಥವು. ಅವುಗಳಲ್ಲಿ ರಿಯಾಯಿತಿ ಕೇಳಬೇಡಿ.

ಕನ್ನಡಕ್ಕೆ ದಂಡ ಹಾಕುವ ನಿಯಮವನ್ನು ಮಾತ್ರ ನಾನು ಈ ಸಾಲಿಗೆ ಸೇರಿಸಲಾರೆ. ಇಂಗ್ಲಿಷ್ ಕಲಿಸಲು ಮಗುವಿನ ಮನೆಮಾತನ್ನು ಅಪರಾಧ ಮಾಡಬೇಕಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 29ನೇ ಸೆಕ್ಷನ್, ಮಗು ಭಯವಿಲ್ಲದೆ ತನ್ನ ಅಭಿಪ್ರಾಯ ಹೇಳುವಂತಿರಬೇಕು ಎನ್ನುತ್ತದೆ. ದಂಡವನ್ನು ಕೈಬಿಡುವಂತೆ ಮುಖ್ಯ ಶಿಕ್ಷಕರಿಗೆ ಸೌಜನ್ಯದಿಂದಲೇ ಪತ್ರ ಬರೆದು, ಅದರ ಒಂದು ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಬಹುದು. ಈ ಓಡಾಟದ ಭಾರ ಮಗಳ ಹೆಗಲಿಗೆ ಬೀಳದಂತೆ ನೋಡಿಕೊಳ್ಳಿ.

ಇನ್ನೊಂದು ಸಂಗತಿಯನ್ನು ನಿಮ್ಮ ಪತ್ರ ಹೇಳಿಲ್ಲ, ಆದರೂ ನನಗೆ ಕಾಣುತ್ತಿದೆ. ಅವಳು ಶಾಲೆಯನ್ನಷ್ಟೇ ಅಲ್ಲ, ಅಪ್ಪನನ್ನು, ತೋಟವನ್ನು, ಮಳೆಯನ್ನೂ ಬಿಟ್ಟು ಬಂದಿದ್ದಾಳೆ. ಮಳೆಗಾಲ ಇನ್ನೂ ಮುಗಿದಿಲ್ಲವಾದ್ದರಿಂದ ಒಂದು ಕೆಲಸ ಹಚ್ಚಿ. ತಳ ಸಮತಟ್ಟಾಗಿರುವ, ಗೋಡೆ ನೆಟ್ಟಗಿರುವ ಒಂದೇ ಬಗೆಯ ಎರಡು ಡಬ್ಬಿ ತಂದು, ಒಂದನ್ನು ಊರಿನ ಅಂಗಳದಲ್ಲಿ, ಇನ್ನೊಂದನ್ನು ನಿಮ್ಮ ಬಾಡಿಗೆ ಮನೆಯ ತಾರಸಿಯಲ್ಲಿ, ಮರ-ಸೂರುಗಳ ಹನಿ ಬೀಳದ ಕಡೆ ಇಡಿ. ಪ್ರತಿದಿನ ಬೆಳಿಗ್ಗೆ ಒಂದೇ ಹೊತ್ತಿಗೆ ಸ್ಕೇಲು ಇಳಿಸಿ ನೀರಿನ ಆಳ ನೋಡಿ ಚೆಲ್ಲಿದರೆ ಆಯಿತು; ಎಷ್ಟು ಮಿಲಿಮೀಟರ್ ನೀರು ನಿಂತಿದೆಯೋ ಅಷ್ಟು ಮಿಲಿಮೀಟರ್ ಮಳೆ. ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಅಳೆಯುತ್ತಾರೆ, ಶಾಲೆಗೆ ಹೊರಡಬೇಕಾದ ನಿಮ್ಮ ಮಗಳು 7 ಗಂಟೆಗೇ ಅಳೆಯಲಿ. ಅಪ್ಪ ಅದೇ ಹೊತ್ತಿಗೆ ಫೋನ್ ಮಾಡಿ ಊರಿನ ಲೆಕ್ಕ ಹೇಳಲಿ. ಎರಡನ್ನೂ ಅವಳು ತನ್ನ ಮನೆಯ ಪುಸ್ತಕದಲ್ಲಿ ಅಕ್ಕಪಕ್ಕ ಬರೆದುಕೊಳ್ಳಲಿ.

ಒಂದು ತಿಂಗಳ ಲೆಕ್ಕ ತುಂಬಿದ ಮೇಲೆ ಆ ಪುಸ್ತಕವನ್ನು ಮಿಸ್‌ಗೆ ತೋರಿಸಬೇಕೋ ಬೇಡವೋ ಎಂಬುದನ್ನು ಅವಳೇ ತೀರ್ಮಾನಿಸಲಿ. ದಸರಾ ರಜೆಯ ಹೊತ್ತಿಗೂ ಅವಳು ತರಗತಿಯಲ್ಲಿ ಬಾಯಿ ತೆರೆಯದೆ, ಬೆಳಿಗ್ಗೆ ಹೊಟ್ಟೆನೋವೆಂದು ಶಾಲೆ ತಪ್ಪಿಸತೊಡಗಿದ್ದರೆ, ಶುಲ್ಕ ಕಟ್ಟಿಯಾಗಿದೆ ಎಂಬ ಒಂದೇ ಕಾರಣಕ್ಕೆ ಅಲ್ಲೇ ಉಳಿಸಬೇಡಿ. ಬೇರೆ ಶಾಲೆ ನೋಡಿ, ಈ ಸಲ ಅವಳನ್ನೂ ಜೊತೆಗೆ ಕರೆದುಕೊಂಡು ಹೋಗಿ.