ಸಿಗದ ಪುಸ್ತಕಗಳ ಲೆಕ್ಕ

ಪತ್ರದ ಮೂರನೇ ಪುಟದಲ್ಲಿ, ಸಂಜೆ ಮನೆ ಸೇರುವುದು ಯಾಕೆ ತಡವಾಗುತ್ತದೆ ಎಂದು ಸಮಜಾಯಿಷಿ ಕೊಡುವಾಗ, ಒಂದು ಮಾತು ಬರೆದು ದಾಟಿಹೋಗಿದ್ದೀರಿ. ನನಗೆ ದಾಟಲಾಗಲಿಲ್ಲ. ಎರಡು ದಿನದಿಂದ ಅದೇ ತಲೆಯಲ್ಲಿದೆ.

ಉಳಿದ ಓದುಗರಿಗಾಗಿ ನಿಮ್ಮ ಸಂಗತಿ ಚುಟುಕಾಗಿ ಹೇಳುತ್ತೇನೆ. ವಯಸ್ಸು ನಲವತ್ತೊಂದು, ಕಾಲೇಜೊಂದರ ಗ್ರಂಥಪಾಲಕಿ. ಪಾರ್ಟ್‌ಟೈಮ್ ಪಿಎಚ್.ಡಿ.ಗೆ ಹೆಸರು ಹಚ್ಚಿ ಮೂರು ವರ್ಷ. ವಿಷಯ, ವಿದ್ಯಾರ್ಥಿಗಳಲ್ಲಿ ಎಲೆಕ್ಟ್ರಾನಿಕ್ ಸಂಪನ್ಮೂಲಗಳ ಅರಿವು ಮತ್ತು ಬಳಕೆ. ಹಗಲೆಲ್ಲ ಕೌಂಟರ್, ಸ್ಟಾಕ್ ವೆರಿಫಿಕೇಶನ್, ನೋ ಡ್ಯೂ ಸಹಿ, ಮೇಲೆ ಊರವರ ಪ್ರಬಂಧಗಳಿಗೆಲ್ಲ ಕೃತಿಚೌರ್ಯದ ತಪಾಸಣೆ. ರಾತ್ರಿ ಲ್ಯಾಪ್‌ಟಾಪ್ ತೆರೆದರೆ ಕಣ್ಣು ಮುಚ್ಚುತ್ತದೆ. ನಾನೂರು ಪ್ರಶ್ನಾವಳಿ ಹಂಚಬೇಕಿತ್ತು, ಅರವತ್ತಕ್ಕೇ ನಿಂತಿದೆ. ಗೈಡ್ ಕೇಳುವುದನ್ನೇ ಬಿಟ್ಟಿದ್ದಾರೆ. ಪತಿ "ಸಾಕು ಬಿಡು, ಆರೋಗ್ಯ ನೋಡ್ಕೋ" ಅನ್ನುತ್ತಾರೆ. ಸಂಬಳವಿಲ್ಲದ ರಜೆ ಹಾಕಲೇ, ಸಂಶೋಧನೆ ಬಿಡಲೇ, "ನನಗೆ ಸಂಶೋಧಕಿಯ ಬುದ್ಧಿಯೇ ಇಲ್ಲವೇನೋ" ಎಂದು ಕೇಳಿದ್ದೀರಿ.

ಈಗ ಆ ಮಾತು. "ಯಾರಾದರೂ ಕೇಳಿದ ಪುಸ್ತಕ ಕೊಡಲಾಗದಿದ್ದರೆ ಅದನ್ನು, ಯಾಕೆ ಸಿಗಲಿಲ್ಲ ಎಂಬುದರ ಸಮೇತ, ನೋಟ್‌ಬುಕ್‌ನಲ್ಲಿ ಬರೆದಿಡುವ ಚಾಳಿ ನನಗೆ. ಬೀಗ ಹಾಕುವ ಮುಂಚೆ ಹತ್ತು ನಿಮಿಷ ಅದಕ್ಕೇ ಹೋಗುತ್ತದೆ. ಹನ್ನೊಂದು ವರ್ಷವಾಯಿತು, ಈಗ ನಾಲ್ಕನೆಯ ನೋಟ್‌ಬುಕ್."

ಚಾಳಿಯಂತೆ! ತಾಯಿ, ಹನ್ನೊಂದು ವರ್ಷ ಬಿಡದೆ ಬರೆದಿಟ್ಟ ದಾಖಲೆ ಕೈಗೆ ಸಿಕ್ಕರೆ ಕುಣಿದಾಡುವ ಸಂಶೋಧಕರಿದ್ದಾರೆ. ನೀವು ಅದನ್ನು ಡ್ರಾಯರಿನಲ್ಲಿಟ್ಟು, ಪ್ರಶ್ನಾವಳಿ ಹಿಡಿದುಕೊಂಡು ಕಾರಿಡಾರಿನಲ್ಲಿ ಹುಡುಗರ ಹಿಂದೆ ಓಡುತ್ತಿದ್ದೀರಿ.

ಈ ಅಂಕಣ ಓದುವವರಿಗೆ ನನ್ನ ಹಟ ಗೊತ್ತು. ಜನ ತಮ್ಮ ಬಗ್ಗೆ ಹೇಳಿಕೊಳ್ಳುವುದನ್ನು ನಾನು ಅರ್ಧ ನಂಬುತ್ತೇನೆ, ಮಾಡಿದ್ದನ್ನು ಪೂರ್ತಿ. "ಇ-ಪುಸ್ತಕ ಬಳಸುತ್ತೀರಾ?" ಎಂದು ಗ್ರಂಥಪಾಲಕಿಯೇ ಎದುರು ನಿಂತು ಕೇಳಿದರೆ ಯಾವ ಹುಡುಗ ಇಲ್ಲವೆಂದಾನು? ಅದೇ ಹುಡುಗ ಒಂದು ಮಧ್ಯಾಹ್ನ ಕೌಂಟರಿಗೆ ಬಂದು ಪುಸ್ತಕ ಕೇಳಿ ಬರಿಗೈಲಿ ಹೋದದ್ದು ನಿಮ್ಮ ನೋಟ್‌ಬುಕ್‌ನಲ್ಲಿದೆ. ಅವನು ಯಾರನ್ನೂ ಮೆಚ್ಚಿಸಲು ಕೇಳಿದ್ದಲ್ಲ.

ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯದ ಐದು ಸೂತ್ರಗಳನ್ನು ನೀವು ಪರೀಕ್ಷೆಗೆಂದು ಬಾಯಿಪಾಠ ಮಾಡಿರುತ್ತೀರಿ. ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ. ಆ ಸೂತ್ರ ನಿಮ್ಮ ಗ್ರಂಥಾಲಯದಲ್ಲಿ ಎಂದೆಂದು ಮುರಿಯಿತು, ಯಾಕೆ ಮುರಿಯಿತು ಎಂಬುದರ ತಾರೀಖುವಾರು ಲೆಕ್ಕ ನಿಮ್ಮಲ್ಲಿದೆ.

ಕೆಲಸದ ಮೇಜಿನ ಮೇಲಿದ್ದದ್ದನ್ನೇ ಎಣಿಸಿ ಹೆಸರಾದವರು ನಿಮ್ಮ ವೃತ್ತಿಯಲ್ಲೇ ಇದ್ದಾರೆ. ಲಂಡನ್ನಿನ ಸೈನ್ಸ್ ಮ್ಯೂಸಿಯಂ ಗ್ರಂಥಾಲಯದಲ್ಲಿದ್ದ ಸ್ಯಾಮ್ಯುಯೆಲ್ ಬ್ರಾಡ್‌ಫೋರ್ಡ್, ಭೂಭೌತಶಾಸ್ತ್ರದ 1332 ಲೇಖನಗಳು ಯಾವ ಯಾವ ಪತ್ರಿಕೆಗಳಲ್ಲಿ ಬಂದಿವೆ ಎಂದು ಲೆಕ್ಕ ಹಾಕಿದರು. ಒಟ್ಟು 326 ಪತ್ರಿಕೆ. ಅವುಗಳಲ್ಲಿ ಬರೀ 9 ಪತ್ರಿಕೆಗಳಲ್ಲೇ 429 ಲೇಖನ, ಮುಂದಿನ 59ರಲ್ಲಿ 499, ಮಿಕ್ಕ 258ರಲ್ಲಿ ಚೂರುಪಾರಾಗಿ 404. 1934ರಲ್ಲಿ ಪ್ರಕಟವಾದ ಆ ಎಣಿಕೆ ಇವತ್ತು ಬ್ರಾಡ್‌ಫೋರ್ಡ್ ನಿಯಮ. ಯಾರಿಗೂ ಪ್ರಶ್ನಾವಳಿ ಹಂಚಲಿಲ್ಲ, ನೋಡಿ.

ನಿಮ್ಮ ನೋಟ್‌ಬುಕ್‌ಗೆ ಹೊಂದುವ ದಾರಿಯನ್ನೂ ಒಬ್ಬರು ಹಾಕಿಟ್ಟಿದ್ದಾರೆ. ಅಮೆರಿಕದ ಸಂಶೋಧಕ ಪಾಲ್ ಕ್ಯಾಂಟರ್, 1976ರಲ್ಲಿ. ಪುಸ್ತಕ ಓದುಗನ ಕೈಗೆ ಸಿಗದಿರಲು ಅವರು ಹುಡುಕಿದ ನಾಲ್ಕು ಕವಲುಗಳು ಸರಳ: ಗ್ರಂಥಾಲಯ ಕೊಂಡೇ ಇಲ್ಲ; ಕೊಂಡಿದೆ, ಆದರೆ ಬೇರೆಯವರು ಒಯ್ದಿದ್ದಾರೆ; ಒಳಗೇ ಇದೆ, ಆದರೆ ಇರಬೇಕಾದ ಕಪಾಟಿನಲ್ಲಿಲ್ಲ; ಕಪಾಟಿನಲ್ಲೇ ಇದೆ, ಆದರೆ ಓದುಗನಿಗೆ ಹುಡುಕಲು ಬರಲಿಲ್ಲ. ಮೊದಲನೆಯದಕ್ಕೆ ದುಡ್ಡು ಬೇಕು, ಮೂರನೆಯದಕ್ಕೆ ಕಪಾಟು ಸರಿಮಾಡುವ ಕೈ ಸಾಕು. ಯಾವುದು ಎಷ್ಟು ಅಂತ ಹನ್ನೊಂದು ವರ್ಷದ ಲೆಕ್ಕ ಕೊಡಬಲ್ಲವರು ಎಷ್ಟು ಜನರಿದ್ದಾರು?

ಕೊರತೆಯೂ ಇದೆ, ಮುಚ್ಚಿಡುವುದಿಲ್ಲ. ಕೇಳಲು ಸಂಕೋಚಪಟ್ಟು ಸುಮ್ಮನೆ ಹೊರಟುಹೋದವರು ನಿಮ್ಮ ನೋಟ್‌ಬುಕ್‌ನಲ್ಲಿಲ್ಲ. ನೀವು ರಜೆ ಹಾಕಿದ ದಿನಗಳೂ ಇಲ್ಲ. ಪ್ರಬಂಧದಲ್ಲಿ ಅದನ್ನು ನೀವೇ ಮೊದಲು ಬರೆಯಿರಿ, ಪರೀಕ್ಷಕರು ಎತ್ತಿ ತೋರಿಸುವತನಕ ಕಾಯಬೇಡಿ. ಓದುಗರ ಹೆಸರುಗಳಿದ್ದರೆ ಅವು ಹೊರಗೆ ಹೋಗಕೂಡದು. ದಾಖಲೆ ಬಳಸಲು ಪ್ರಾಂಶುಪಾಲರ ಒಪ್ಪಿಗೆ ಬರಹದಲ್ಲೇ ಇರಲಿ.

ಇನ್ನು ನಿಮ್ಮ ಆ ಹಿರಿಯ ಸಹೋದ್ಯೋಗಿ. ತಮ್ಮ ಪ್ರಬಂಧದ ಪ್ರಶ್ನಾವಳಿಯನ್ನೇ ಕೊಟ್ಟು, "ಕಾಲೇಜಿನ ಹೆಸರು ಬದಲಾಯಿಸಿಕೋ, ಬೇಗ ಮುಗಿಯುತ್ತೆ" ಅಂದವರು. ನಿಮಗೆ ಅವರು ಉಪಕಾರಿಯಾಗಿ ಕಾಣುತ್ತಾರೆ, ಪತ್ರದಲ್ಲಿ ಎರಡು ಕಡೆ ಹೊಗಳಿದ್ದೀರಿ. ನನ್ನ ಕಣ್ಣಿಗೆ ನಿಮ್ಮ ಮೂರು ವರ್ಷ ನುಂಗಿದವರು ಅವರೇ. ಹಗಲೆಲ್ಲ ದುಡಿದು ದಣಿದವರನ್ನು ರಾತ್ರಿ ಎಚ್ಚರವಾಗಿಡಬೇಕಾದರೆ ಪ್ರಶ್ನೆ ಅವರದ್ದೇ ಆಗಿರಬೇಕು. ಎರವಲು ಪ್ರಶ್ನೆಗೆ ನಿದ್ದೆ ಬಾರದೆ ಇನ್ನೇನು ಬರುತ್ತದೆ? ಪತಿಯ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಕಂಡದ್ದು ನಿಮ್ಮ ದಣಿವು ಮಾತ್ರ. ಗೈಡ್ ಬಗ್ಗೆ ಏನೂ ಹೇಳಲಾರೆ, ನೋಟ್‌ಬುಕ್ ಇರುವುದೇ ಅವರಿಗೆ ಗೊತ್ತಿಲ್ಲವಲ್ಲ.

ರಜೆ ಬೇಡ. ಕೌಂಟರ್ ಬಿಟ್ಟು ಮನೆಯಲ್ಲಿ ಕೂತರೆ ದಾಖಲೆಯೂ ನಿಲ್ಲುತ್ತದೆ, ಸಂಬಳವೂ ನಿಲ್ಲುತ್ತದೆ. ವಿಷಯ ಬದಲಿಸಲು ಅರ್ಜಿ ಹಾಕುವುದು, ಸಮಿತಿಯ ಮುಂದೆ ನಿಲ್ಲುವುದು, ಅದೆಲ್ಲ ಆಮೇಲಿನ ಮಾತು.

ಸದ್ಯಕ್ಕೆ ಒಂದೇ ಕೆಲಸ. ಬರುವ ಭಾನುವಾರ ಮೊದಲ ನೋಟ್‌ಬುಕ್ ತೆಗೆದು, ಮೊದಲ ನೂರು ನಮೂದುಗಳನ್ನು ಆ ನಾಲ್ಕು ಕಾರಣಗಳಿಗೆ ಹಂಚಿ. ಒಂದು ಬೆಳಗ್ಗೆ ಸಾಕು. ಅದು ಮುಗಿಯುವತನಕ ಒಂದೇ ಒಂದು ಪ್ರಶ್ನಾವಳಿಯನ್ನೂ ಮುಟ್ಟಕೂಡದು. ಸೋಮವಾರ ಆ ಒಂದು ಹಾಳೆ ಹಿಡಿದು ಗೈಡ್ ಹತ್ತಿರ ಹೋಗಿ.

ನನಗೂ ಒಂದು ಸಾಲು ಬರೆಯಿರಿ. ಒಳಗೇ ಇದ್ದೂ ಸಿಗದ ಪುಸ್ತಕಗಳು ನೂರರಲ್ಲಿ ಎಷ್ಟು ಎಂಬ ಕುತೂಹಲ ತಡೆಯಲಾಗುತ್ತಿಲ್ಲ.