ತೆಂಗಿನೆಣ್ಣೆಯಾ, ಸನ್‌ಫ್ಲವರಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಬದಿಯಡ್ಕದ ಹತ್ರ, ಅಡುಗೆಗೆಲ್ಲ ಮನೆಯ ತೆಂಗಿನೆಣ್ಣೆಯೇ. ಮಗ ಮೊಬೈಲಲ್ಲಿ ನೋಡಿ ಸನ್‌ಫ್ಲವರ್ ಎಣ್ಣೆ ವಿಷ ಅಂತಾನೆ. ನನಗೆ ಕೊಲೆಸ್ಟ್ರಾಲ್ ಬೇರೆ ಉಂಟು, ಏನು ಮಾಡ್ಲಿ?

ಉತ್ತರ: ವಿಷ ಅನ್ನೋದು ಸುಳ್ಳು ಅಕ್ಕಾ. ಸನ್‌ಫ್ಲವರ್ ಎಣ್ಣೆಯಲ್ಲಿರೋ ಲಿನೋಲಿಯಿಕ್ ಆಮ್ಲ ಅನ್ನೋ ಕೊಬ್ಬಿನಂಶದಿಂದ ಉರಿಯೂತ ಬರ್ತದೆ ಅಂತ ಹೆದರಿಸ್ತಾರಲ್ಲ, ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ಹಾಗೆ ಕಂಡಿಲ್ಲ, ಸ್ಯಾಚುರೇಟೆಡ್ ಕೊಬ್ಬಿನ (ತುಪ್ಪ, ಬೆಣ್ಣೆಯಲ್ಲಿ ಇರೋಂಥದ್ದು) ಬದಲಿಗೆ ಅದನ್ನ ತಿಂದ್ರೆ ಎಲ್‌ಡಿಎಲ್, ಅಂದ್ರೆ ಕೆಟ್ಟ ಕೊಲೆಸ್ಟ್ರಾಲ್, ಇಳೀತದೆ. ತೆಂಗಿನೆಣ್ಣೆಯಲ್ಲಿ ಸ್ಯಾಚುರೇಟೆಡ್ ಕೊಬ್ಬು ಶೇ. 80ಕ್ಕಿಂತ ಜಾಸ್ತಿ, ಸನ್‌ಫ್ಲವರಲ್ಲಿ ಶೇ. 10ರ ಆಸುಪಾಸು, ತೋಟದ ಎಣ್ಣೆ ಮೇಲೆ ಪ್ರೀತಿ ನನಗೂ ಉಂಟು ಆದ್ರೆ ನಿಮ್ಮ ಕೊಲೆಸ್ಟ್ರಾಲಿಗೆ ಅದು ಆಗ್ಲಿಕ್ಕಿಲ್ಲ. ಪಲ್ಯಕ್ಕೆ ಪರಿಮಳಕ್ಕೆ ಒಂದು ಚಮಚ ಹಾಕಿ, ಉಳಿದದ್ದಕ್ಕೆ ಸನ್‌ಫ್ಲವರೋ ಎಳ್ಳೆಣ್ಣೆಯೋ ಇರ್ಲಿ. ಹಪ್ಪಳ ಕಾಯಿಸಿದ ಎಣ್ಣೆಯನ್ನ ಮಾತ್ರ ಮತ್ತೆ ಮತ್ತೆ ಕಾಯಿಸ್ಬೇಡಿ, ಯಾವ ಎಣ್ಣೆ ಆದ್ರೂ.