ಅಡುಗೆಮನೆ ಅಂಚೆ: ಮಳೆಗಾಲದ ಟಾರ್ಟ್ ತಾಪತ್ರಯ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಹಣ್ಣಿನ ಟಾರ್ಟ್ ಬಗ್ಗೆಯೇ. ಈ ಸಲ ಹುಟ್ಟುಹಬ್ಬಕ್ಕೆ ಕೇಕು ಬಿಟ್ಟು ಟಾರ್ಟ್ ಮಾಡುವವರು ಜಾಸ್ತಿಯಾದ ಹಾಗೆ ಕಾಣುತ್ತದೆ. ಮಾಡಿ ನೋಡದವರಿಗೆ ಒಂದು ಮಾತು: ಟಾರ್ಟ್ ಅಂದರೆ ಬಿಸ್ಕತ್ತಿನ ಹಾಗೆ ಗರಿಗರಿಯಾದ ಒಂದು ಬಟ್ಟಲು, ಒಳಗೆ ದಪ್ಪ ಕ್ರೀಮು, ಮೇಲೆ ಹಣ್ಣು. ಮೂರೇ ಸಂಗತಿ. ಆದರೆ ಈ ಮೂರಕ್ಕೂ ಒಂದಕ್ಕೊಂದು ಆಗಿಬರುವುದಿಲ್ಲ. ಬಟ್ಟಲಿಗೆ ನೀರು ಕಂಡರಾಗದು, ಕ್ರೀಮು ಹಣ್ಣು ಎರಡರಲ್ಲೂ ತುಂಬಿರುವುದು ನೀರೇ, ಸಾಲದ್ದಕ್ಕೆ ಜೂನ್ ಬಂತೆಂದರೆ ನಮ್ಮ ಊರಿನ ಗಾಳಿಯಲ್ಲೂ ನೀರೇ. ಹಪ್ಪಳದ ಡಬ್ಬಿಯ ಮುಚ್ಚಳ ಐದು ನಿಮಿಷ ತೆರೆದಿಟ್ಟರೆ ಏನಾಗುತ್ತದೆ ಅಂತ ಗೊತ್ತಲ್ವಾ? ಅದೇ ಕತೆ ಇಲ್ಲಿಯೂ.

ಅಕ್ಕಾ, ಅಳತೆಯೆಲ್ಲ ಸರಿಯಾಗಿಯೇ ಹಾಕಿದ್ದೆ. ಆದರೂ ಟಾರ್ಟಿನ ಬಟ್ಟಲು ಓವನ್ನಿನಲ್ಲಿ ಕುಗ್ಗಿ ಅರ್ಧ ಆಯಿತು, ನಡುಭಾಗ ಪೂರಿಯ ಹಾಗೆ ಉಬ್ಬಿತು. ಹೇಗೋ ಕ್ರೀಮ್ ತುಂಬಿಸಿದರೆ ಸಂಜೆಯೊಳಗೆ ಅಡಿ ಮೆತ್ತಗೆ. ಎಲ್ಲಿ ತಪ್ಪಿತು? – ಸುರತ್ಕಲ್‌ನಿಂದ ಒಬ್ಬರು

ನೀವು ಹಿಟ್ಟನ್ನು ಚಪಾತಿಗೆ ನಾದಿದ ಹಾಗೆ ನಾದಿದ್ದೀರಿ. ಬರೆದಿಲ್ಲ, ಆದರೂ ಗೊತ್ತಾಗುತ್ತದೆ, ಯಾಕೆಂದರೆ ನಾನೂ ಮೊದಲ ಸಲ ಹಾಗೆಯೇ ಮಾಡಿದ್ದೆ. ನಮ್ಮ ಕೈಗೆ ಹಿಟ್ಟು ಸಿಕ್ಕಿದರೆ ನಾದದೆ ಬಿಡಲು ಮನಸ್ಸು ಬರುವುದಿಲ್ಲ. ಮೈದಾ ನಾದಿದಷ್ಟೂ ಅದರಲ್ಲಿ ರಬ್ಬರಿನ ಹಾಗೆ ಎಳೆಯುವ ಗುಣ ಬರುತ್ತದೆ. ಚಪಾತಿಗೆ ಅದು ಬೇಕು, ಟಾರ್ಟಿಗೆ ಬೇಡವೇ ಬೇಡ. ಎಳೆದು ಹಚ್ಚಿದ್ದು ಬಿಸಿ ತಾಗಿದೊಡನೆ ವಾಪಸು ಕುಗ್ಗುತ್ತದೆ, ಅಷ್ಟೇ.

ಅಳತೆ ಹೇಳುತ್ತೇನೆ. 200 ಗ್ರಾಂ ಮೈದಾ, 100 ಗ್ರಾಂ ಉಪ್ಪಿಲ್ಲದ ಬೆಣ್ಣೆ, 50 ಗ್ರಾಂ ಪುಡಿ ಸಕ್ಕರೆ, ಒಂದು ಚಿಟಿಕೆ ಉಪ್ಪು, ಎರಡು ಮೂರು ಚಮಚ ತಣ್ಣನೆಯ ಹಾಲು. ಇದರಲ್ಲಿ ಸಣ್ಣ ಬಟ್ಟಲಾದರೆ ಹತ್ತು ಹನ್ನೆರಡು ಆಗುತ್ತದೆ. ಬೆಣ್ಣೆ ಫ್ರಿಜ್ಜಿನಿಂದ ಆಗಷ್ಟೇ ತೆಗೆದದ್ದಿರಬೇಕು. ಬೆಣ್ಣೆ ಕರಗಲು 35 ಡಿಗ್ರಿಯ ಆಸುಪಾಸು ಸಾಕು, ಮಧ್ಯಾಹ್ನ ಒಲೆ ಉರಿಯುವ ನಮ್ಮ ಅಡುಗೆಮನೆಯಲ್ಲಿ ಅದು ಇಟ್ಟಲ್ಲೇ ಜಾರತೊಡಗುತ್ತದೆ. ಹಾಗಾಗಿ ಈ ಕೆಲಸವನ್ನು ಬೆಳಿಗ್ಗೆ ಎದ್ದ ಕೂಡಲೇ ಮಾಡಿ, ಒಲೆ ಹಚ್ಚುವ ಮೊದಲು. ಬೆಣ್ಣೆಯನ್ನು ತುಂಡು ಮಾಡಿ ಮೈದಾ, ಸಕ್ಕರೆಯ ಜತೆ ಬೆರಳ ತುದಿಯಲ್ಲಿ ಉಜ್ಜಿ, ದಪ್ಪ ರವೆಯ ಹಾಗೆ ಉದುರುದುರಾಗಲಿ. ಅಂಗೈ ಬಿಸಿ, ಅದನ್ನು ದೂರ ಇಡಿ. ಆಮೇಲೆ ಹಾಲು ಚಿಮುಕಿಸಿ ಸುಮ್ನೆ ಒಟ್ಟು ಮಾಡಿ. ಮುದ್ದೆಯಾಯಿತಾ? ನಿಲ್ಲಿಸಿ. ಮುಚ್ಚಿ ಅರ್ಧ ಗಂಟೆ ಫ್ರಿಜ್ಜಿಗೆ.

ಲಟ್ಟಿಸಿ ಅಚ್ಚಿಗೆ ಹಾಕುವಾಗ ಎಳೆಯಬೇಡಿ, ಹಾಸಿ ಮೂಲೆಗೆ ಮೆಲ್ಲಗೆ ಒತ್ತಿ. ಅಚ್ಚು ಸಮೇತ ಮತ್ತೆ ಅರ್ಧ ಗಂಟೆ ಫ್ರಿಜ್ಜಿಗೆ. ಈ ಎರಡನೆಯ ಅರ್ಧ ಗಂಟೆಯನ್ನು ಎಲ್ಲರೂ ಹಾರಿಸುತ್ತಾರೆ, ಕುಗ್ಗುವುದಕ್ಕೆ ದೊಡ್ಡ ಕಾರಣ ಅದೇ. ಉಬ್ಬುವುದಕ್ಕೆ ಮದ್ದು ಭಾರ. ಫೋರ್ಕಿನಲ್ಲಿ ಅಲ್ಲಲ್ಲಿ ಚುಚ್ಚಿ, ಮೇಲೆ ಬಟರ್ ಪೇಪರ್ ಹಾಸಿ, ಅದರ ಮೇಲೆ ಅಂಚಿನವರೆಗೆ ಕುಚ್ಚಲಕ್ಕಿ ತುಂಬಿ. ಹೌದು, ಊಟದ ಕುಚ್ಚಲಕ್ಕಿಯೇ. 180 ಡಿಗ್ರಿಯಲ್ಲಿ 15 ನಿಮಿಷ ಬೇಯಿಸಿ, ಅಕ್ಕಿ ಮತ್ತು ಪೇಪರ್ ತೆಗೆದು, ಅಡಿಭಾಗ ಒಣಗಿ ಹೊಂಬಣ್ಣ ಬರುವವರೆಗೆ ಇನ್ನೂ ಎಂಟು ಹತ್ತು ನಿಮಿಷ ಇಡಿ. ಆ ಅಕ್ಕಿಯನ್ನು ಅನ್ನಕ್ಕೆ ಹಾಕಬೇಡಿ. ಬೇರೆ ಡಬ್ಬಿಯಲ್ಲಿಟ್ಟು ಟಾರ್ಟಿಗೇ ಮೀಸಲಿಡಿ. ನನ್ನ ಡಬ್ಬಿಯ ಮೇಲೆ ‘ಮುಟ್ಟಬೇಡಿ’ ಅಂತ ಚೀಟಿ ಅಂಟಿಸಿದ್ದೇನೆ, ಒಮ್ಮೆ ಅತ್ತೆ ಅದನ್ನೇ ಗಂಜಿಗೆ ಹಾಕಿ, ಅಕ್ಕಿ ಬೇಯುವುದೇ ಇಲ್ಲವಲ್ಲ ಅಂತ ಕಾದು ಕುಳಿತದ್ದುಂಟು.

ಇನ್ನು ಮೆತ್ತಗಾಗುವುದು. ಬಟ್ಟಲು ಪೂರ್ತಿ ಆರಿದ ಮೇಲೆ ಒಳಗೆ ಕರಗಿಸಿದ ಬಿಳಿ ಚಾಕಲೇಟನ್ನು ತೆಳ್ಳಗೆ ಸವರಿ. ಅದು ಗಟ್ಟಿಯಾದರೆ ಕ್ರೀಮಿಗೂ ಬಟ್ಟಲಿಗೂ ನಡುವೆ ಗೋಡೆ ಎದ್ದ ಹಾಗೆ. ಇದರಿಂದ ನಾಲ್ಕೈದು ಗಂಟೆ ಸಿಗುತ್ತದೆ, ಎರಡು ದಿನ ಸಿಗುವುದಿಲ್ಲ. ಖಾಲಿ ಬಟ್ಟಲಾದರೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ವಾರ ಇಡಬಹುದು. ಮಳೆಗೆ ಮೆತ್ತಗಾದರೆ 150 ಡಿಗ್ರಿಯಲ್ಲಿ ಐದಾರು ನಿಮಿಷ ಮತ್ತೆ ಬಿಸಿ ಮಾಡಿ, ಚಾಕಲೇಟ್ ಸವರುವ ಮೊದಲು ಅನ್ನುವುದು ನೆನಪಿರಲಿ. ತುಂಬಿಸುವುದು ಮಾತ್ರ ಬಡಿಸುವ ದಿನವೇ.

ನಮ್ಮದು ಮೊಟ್ಟೆ ತಾರದ ಮನೆ. ಕಸ್ಟರ್ಡ್ ಪುಡಿಯಲ್ಲಿ ಕ್ರೀಮ್ ಮಾಡಿದ್ದೆ. ರಾತ್ರಿ ಚೆನ್ನಾಗಿ ಗಟ್ಟಿ ಇತ್ತು, ಬೆಳಿಗ್ಗೆ ನೋಡಿದರೆ ಮಜ್ಜಿಗೆಯ ಹಾಗೆ. ಮೊಟ್ಟೆ ಇಲ್ಲದೆ ಇದು ಆಗುವುದೇ ಇಲ್ಲವಾ? – ಉಡುಪಿಯಿಂದ ಒಬ್ಬ ಓದುಗಿ

ಆಗುತ್ತದೆ ಮಾರಾಯ್ತಿ. ಕಸ್ಟರ್ಡ್ ಪುಡಿ ಹುಟ್ಟಿದ್ದೇ ಮೊಟ್ಟೆ ತಿನ್ನಲಾಗದ ಒಬ್ಬರಿಗಾಗಿ. 1837ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಲ್ಫ್ರೆಡ್ ಬರ್ಡ್ ಅಂತ ಒಬ್ಬ ಔಷಧ ವ್ಯಾಪಾರಿ, ಹೆಂಡತಿಗೆ ಮೊಟ್ಟೆ ಆಗುವುದಿಲ್ಲ ಅಂತ ಕಾರ್ನ್‌ಫ್ಲೋರಿನಲ್ಲೇ ಕಸ್ಟರ್ಡ್ ಮಾಡಿದ್ದು. ಈಗಲೂ ಆ ಪುಡಿಯಲ್ಲಿ ಇರುವುದು ಕಾರ್ನ್‌ಫ್ಲೋರ್, ಬಣ್ಣ, ವೆನಿಲ್ಲಾ ಪರಿಮಳ, ಅಷ್ಟೇ.

ನೀರಾದದ್ದಕ್ಕೆ ಎರಡು ಕಾರಣ ಇರಬಹುದು. ಒಂದು, ಸರಿಯಾಗಿ ಬೆಂದಿಲ್ಲ. ದಪ್ಪ ಆದ ಕೂಡಲೇ ಒಲೆ ಆರಿಸುತ್ತೇವೆ, ಅದು ಸಾಲದು. ಗುಳುಗುಳು ಅಂತ ಗುಳ್ಳೆ ಎದ್ದ ಮೇಲೆ ಒಂದೆರಡು ನಿಮಿಷ ಬಿಡದೆ ಕೈಯಾಡಿಸಬೇಕು. ಇನ್ನೊಂದು ಕೇಳುತ್ತೇನೆ, ಬೇಜಾರು ಮಾಡಬೇಡಿ: ರುಚಿ ನೋಡಿದ ಚಮಚವನ್ನೇ ಮತ್ತೆ ಪಾತ್ರೆಗೆ ಹಾಕಿದ್ದೀರಾ? ಅಥವಾ ರಾತ್ರಿ ಮಕ್ಕಳು ಯಾರಾದರೂ ಫ್ರಿಜ್ ತೆರೆದು ನೆಕ್ಕಿದ್ದಾರಾ? ನಮ್ಮ ಎಂಜಲಿನಲ್ಲಿ ಪಿಷ್ಟವನ್ನು ಒಡೆಯುವ ಅಮೈಲೇಸ್ ಅನ್ನುವ ವಸ್ತು ಇದೆ. ಅನ್ನ ಅಗಿದಷ್ಟೂ ಸಿಹಿಯಾಗುವುದು ಅದರಿಂದಲೇ. ಒಂದು ಎಂಜಲು ಚಮಚ ಬಿದ್ದರೆ ಸಾಕು, ಬೆಳಗಾಗುವುದರೊಳಗೆ ಕಸ್ಟರ್ಡ್ ತೆಳ್ಳಗಾಗಬಹುದು. ಎಂಜಲು ಮುಸುರೆ ಅಂತ ಅಜ್ಜಿ ಬೈಯುತ್ತಿದ್ದಾಗ ನಗುತ್ತಿದ್ದೆವು, ಈ ಒಂದು ವಿಷಯದಲ್ಲಿ ಅಜ್ಜಿಯೇ ಸರಿ.

ಅಳತೆ ಇದು: ಅರ್ಧ ಲೀಟರ್ ಹಾಲು, 80 ಗ್ರಾಂ ಸಕ್ಕರೆ, ಮೂರು ದೊಡ್ಡ ಚಮಚ ಕಸ್ಟರ್ಡ್ ಪುಡಿ, ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್, ಕೊನೆಗೆ ಒಂದು ತುಂಡು ಬೆಣ್ಣೆ. ಪುಡಿಗಳನ್ನು ತಣ್ಣನೆಯ ಹಾಲಿನಲ್ಲಿ ಕದಡಿಯೇ ಹಾಕಬೇಕು, ಬಿಸಿ ಹಾಲಿಗೆ ನೇರ ಹಾಕಿದರೆ ಗಂಟು. ಆರುವಾಗ ಕೆನೆ ಕಟ್ಟಬಾರದು ಅಂತಿದ್ದರೆ ಕ್ರೀಮಿನ ಮೈಗೆ ತಾಗುವ ಹಾಗೆ ಕ್ಲಿಂಗ್ ಫಿಲ್ಮ್ ಮುಚ್ಚಬೇಕು, ನಾನು ಬಾಡಿಸಿದ ಬಾಳೆಲೆ ಮುಚ್ಚುತ್ತೇನೆ. ತಣ್ಣಗಾದ ಮೇಲೆ ಒಮ್ಮೆ ಮೆಲ್ಲಗೆ ಕದಡಿದರೆ ಸಾಕು. ಮಿಕ್ಸಿಗೆ ಹಾಕಿ ತಿರುಗಿಸಿದರೆ ಪುನಃ ತೆಳ್ಳಗಾಗುತ್ತದೆ.

ಮೊಟ್ಟೆ ಹಾಕುವವರಿಗೂ ಇದೇ ಮಾತು. ಅರ್ಧ ಲೀಟರ್ ಹಾಲಿಗೆ ನಾಲ್ಕು ಹಳದಿ, 40 ಗ್ರಾಂ ಕಾರ್ನ್‌ಫ್ಲೋರ್, 100 ಗ್ರಾಂ ಸಕ್ಕರೆ. ಹಳದಿಯಲ್ಲಿಯೂ ಅದೇ ಅಮೈಲೇಸ್ ಉಂಟು, ಕುದಿಸಿಯೇ ಅದರ ಆಟ ನಿಲ್ಲಿಸಬೇಕು. ಮೊಟ್ಟೆ ಒಡೆದುಹೋದೀತು ಅಂತ ಹೆದರಬೇಡಿ, ಕಾರ್ನ್‌ಫ್ಲೋರ್ ಇರುವಾಗ ಕುದಿದರೂ ಒಡೆಯುವುದಿಲ್ಲ.

ಅನಾನಸಿನ ಟಾರ್ಟ್ ಮಾಡಿದೆ, ಅರ್ಧ ದಿನದಲ್ಲಿ ಕ್ರೀಮ್ ಕಹಿಯಾಯಿತು. ಹಾಲೇ ಹಾಳು ಅಂತ ಇವರು ಹಾಲಿನವನ ಹತ್ತಿರ ಜಗಳ ಮಾಡಿ ಬಂದರು. – ಬಂಟ್ವಾಳದ ಒಬ್ಬ ಓದುಗಿ

ಪಾಪ ಹಾಲಿನವನು! ನಾಳೆಯೇ ಒಂದು ಟಾರ್ಟ್ ಕೊಟ್ಟು ರಾಜಿ ಮಾಡಿಕೊಳ್ಳಿ. ಹಸಿ ಅನಾನಸಿನಲ್ಲಿ ಬ್ರೋಮಲೇನ್ ಅಂತ ಇದೆ, ಅದು ಹಾಲಿನ ಪ್ರೋಟೀನನ್ನು ಒಡೆದು ಕಹಿ ಮಾಡುತ್ತದೆ. ಅನಾನಸು ಜಾಸ್ತಿ ತಿಂದರೆ ನಾಲಿಗೆ ಚುರುಗುಟ್ಟುವುದರಲ್ಲಿಯೂ ಅದರ ಕೈವಾಡ ಉಂಟು. ಬಿಸಿ ಮಾಡಿದರೆ ಅದು ಸಾಯುತ್ತದೆ. ಮೆಣಸ್ಕಾಯಿಗೆ ಬೇಯಿಸುತ್ತೀರಲ್ಲ, ಹಾಗೆಯೇ ಹೋಳುಗಳನ್ನು ಸ್ವಲ್ಪ ಸಕ್ಕರೆ ಹಾಕಿ ಹತ್ತು ನಿಮಿಷ ಬೇಯಿಸಿ, ರಸ ಬಸಿದು, ಪೂರ್ತಿ ಆರಿದ ಮೇಲೆ ಜೋಡಿಸಿ. ಬಸಿದ ರಸ ಚೆಲ್ಲಬೇಡಿ, ಶೀರಾಕ್ಕೆ ಆಗುತ್ತದೆ. ಕಿವಿ ಹಣ್ಣಿನದೂ ಇದೇ ಬುದ್ಧಿ, ಅದನ್ನು ಬಡಿಸುವ ಹೊತ್ತಿಗೆ ಮಾತ್ರ ಇಡಿ.

ಪ್ಯಾಕೆಟ್ಟಿನ ಫ್ರೆಶ್ ಕ್ರೀಮನ್ನು ಅರ್ಧ ಗಂಟೆ ಬೀಟ್ ಮಾಡಿದರೂ ನೊರೆ ಏಳಲಿಲ್ಲ. – ಕಾರ್ಕಳ

ಏಳುವುದಿಲ್ಲ. ಅದರಲ್ಲಿ ಕೊಬ್ಬು ಸಾಮಾನ್ಯವಾಗಿ 25 ಶೇಕಡಾದಷ್ಟೇ, ನೊರೆ ನಿಲ್ಲಲು 30ಕ್ಕಿಂತ ಮೇಲೆ ಬೇಕು. ಪ್ಯಾಕೆಟ್ಟಿನ ಹಿಂದೆ ಬರೆದಿರುತ್ತದೆ, ನೋಡಿ ತನ್ನಿ. ಬೇಕರಿಯವರು ಬಳಸುವ ವಿಪ್ಪಿಂಗ್ ಕ್ರೀಮ್ ಹೆಚ್ಚಿನದು ಎಣ್ಣೆಯ ಕೊಬ್ಬಿನದು. ನಿಲ್ಲುತ್ತದೆ ಚೆನ್ನಾಗಿ, ರುಚಿ ನನಗೆ ಹಿಡಿಸುವುದಿಲ್ಲ. ಅದಕ್ಕಿಂತ ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ ಬಸಿದು, ಪುಡಿ ಸಕ್ಕರೆ, ಏಲಕ್ಕಿ ಸೇರಿಸಿ. ಶ್ರೀಖಂಡ ತುಂಬಿದ ಟಾರ್ಟ್ ಯಾರಿಗೆ ಬೇಡ?

ನಮ್ಮಲ್ಲಿ ಓವನ್ ಇಲ್ಲ. ಕುಕ್ಕರಿನಲ್ಲಿ ಆಗುತ್ತದಾ? – ಮೂಡುಬಿದಿರೆಯಿಂದ ಕಾಲೇಜು ವಿದ್ಯಾರ್ಥಿನಿ

ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ರಬ್ಬರ್, ವೆಯ್ಟ್ ತೆಗೆದು, ಅಡಿಗೆ ಉಪ್ಪು ಹಾಸಿ, ಸ್ಟ್ಯಾಂಡ್ ಇಟ್ಟು, ಹತ್ತು ನಿಮಿಷ ಕಾಯಿಸಿ, ಸಣ್ಣ ಸ್ಟೀಲ್ ಬಟ್ಟಲಿನಲ್ಲಿ ಹಿಟ್ಟು ಹಚ್ಚಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ. ಬೇಯುತ್ತದೆ, ಆದರೆ ಅಡಿ ಕೆಂಪು, ಮೇಲೆ ಬಿಳಿಚು. ನನ್ನನ್ನು ಕೇಳಿದರೆ ಆ ಹಠ ಬಿಡಿ. 200 ಗ್ರಾಂ ಮಾರಿ ಬಿಸ್ಕತ್ತು ಪುಡಿ ಮಾಡಿ, 100 ಗ್ರಾಂ ಕರಗಿಸಿದ ಬೆಣ್ಣೆಯಲ್ಲಿ ಕಲಸಿ, ಬಟ್ಟಲಿಗೆ ಗಟ್ಟಿಯಾಗಿ ಒತ್ತಿ ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ಹಾಸ್ಟೆಲ್ಲಿನ ಗೆಳತಿಯರು ವ್ಯತ್ಯಾಸ ಕೇಳುವಷ್ಟು ಹೊತ್ತು ಅದು ಉಳಿಯುವುದಿಲ್ಲ.

ಸ್ಟ್ರಾಬೆರಿ, ಬ್ಲೂಬೆರಿ ಇಲ್ಲದೆ ಟಾರ್ಟ್ ಚಂದ ಕಾಣುವುದಿಲ್ಲ ಅನ್ನುತ್ತಾಳೆ ಮಗಳು. ನಮ್ಮ ಹಣ್ಣು ಯಾವುದು ಆಗುತ್ತದೆ? – ಕಾಪುವಿನಿಂದ ಒಬ್ಬ ಅಪ್ಪ

ಅಪ್ಪಂದಿರೂ ಕೇಳುತ್ತಿದ್ದೀರಿ, ಖುಷಿ. ಮಾವು ಇರುವಾಗ ಬೇರೆ ಎಂತಕ್ಕೆ? ಮುಂಡಪ್ಪದಂಥ ದೊಡ್ಡ ಹಣ್ಣಾದರೆ ತೆಳ್ಳಗೆ ಸೀಳಿ ಗುಲಾಬಿಯ ಹಾಗೆ ಸುತ್ತಬಹುದು. ಕಾಟು ಮಾವು ಇದಕ್ಕಲ್ಲ, ಅದು ಸಾಸಿವೆ ಅನ್ನುವ ನಮ್ಮ ಊಟದ ಪದಾರ್ಥಕ್ಕೇ ಸರಿ. ದಾಳಿಂಬೆ, ದ್ರಾಕ್ಷಿ ನೀರು ಬಿಡುವುದು ಕಡಿಮೆ. ಚಿಕ್ಕು, ಬಾಳೆಹಣ್ಣು ಕಪ್ಪಾಗುತ್ತವೆ, ಕೊಯ್ದ ಕೂಡಲೇ ಲಿಂಬೆರಸ ಸವರಿ. ಕಲ್ಲಂಗಡಿ ಹತ್ತಿರವೂ ತರಬೇಡಿ. ಹೊಳಪಿಗೆ ಎರಡು ಚಮಚ ಜಾಮಿಗೆ ಒಂದು ಚಮಚ ನೀರು ಹಾಕಿ ಬಿಸಿ ಮಾಡಿ, ಸೋಸಿ, ಬ್ರಶ್ಶಿನಲ್ಲಿ ಹಚ್ಚಿ.

ನನ್ನ ಮೆಚ್ಚಿನದು ಹಲಸು. ಬಕ್ಕೆ ಹಲಸೇ ಆಗಬೇಕು, ತುಳುವೆಯ ಮೆದು ತೊಳೆ ಕ್ರೀಮಿನ ಮೇಲೆ ನಿಲ್ಲುವುದಿಲ್ಲ. ಅದಕ್ಕೆ ವೆನಿಲ್ಲಾ ಕ್ರೀಮ್ ಹೊಂದುವುದಿಲ್ಲ, ಕಾಯಿಹಾಲಿನದು ಮಾಡಿ. 400 ಮಿಲಿ ದಪ್ಪ ಕಾಯಿಹಾಲು, 80 ಗ್ರಾಂ ಬೆಲ್ಲ, 35 ಗ್ರಾಂ ಕಾರ್ನ್‌ಫ್ಲೋರ್, ಏಲಕ್ಕಿ, ಒಂದು ಹರಳು ಉಪ್ಪು. ಬೆಲ್ಲವನ್ನು ಕರಗಿಸಿ ಸೋಸಿ ಹಾಕಿ. ದನದ ಹಾಲಾದರೆ ಬೆಲ್ಲಕ್ಕೆ ಒಡೆಯುವ ಭಯ, ಕಾಯಿಹಾಲಿಗೆ ಆ ತಕರಾರಿಲ್ಲ. ಮೇಲೆ ಸಣ್ಣಗೆ ಹೆಚ್ಚಿದ ತೊಳೆ, ತುಪ್ಪದಲ್ಲಿ ಹುರಿದ ಎರಡು ತೆಂಗಿನ ಚೂರು. ತಿಂದವರು ಹಲಸಿನ ಪಾಯಸವನ್ನು ಬಿಸ್ಕತ್ತಿನಲ್ಲಿ ಬಡಿಸಿದ ಹಾಗುಂಟು ಅಂದರು, ಬೈದದ್ದಲ್ಲ ಅಂತ ತಿಳಿದುಕೊಂಡಿದ್ದೇನೆ.

ಮಂಗಳೂರಿನಿಂದ ಉಡುಪಿಗೆ, ತಂಗಿಯ ಮನೆಯ ಗೃಹಪ್ರವೇಶಕ್ಕೆ 40 ಟಾರ್ಟ್ ಒಯ್ಯಬೇಕು. ಬಸ್ಸಿನಲ್ಲಿ ಹೋಗುವುದು. – ಬಿಜೈಯಿಂದ ಒಬ್ಬರು

ತುಂಬಿಸಿದ ಟಾರ್ಟ್ ಹಿಡಿದು ಎಕ್ಸ್‌ಪ್ರೆಸ್ ಬಸ್ ಹತ್ತಬೇಡಿ. ಆ ಬ್ರೇಕಿಗೆ ಮನುಷ್ಯರೇ ನಿಲ್ಲುವುದಿಲ್ಲ, ಇನ್ನು ಕಸ್ಟರ್ಡ್ ನಿಲ್ಲುತ್ತದಾ? ಚಾಕಲೇಟ್ ಸವರಿದ ಖಾಲಿ ಬಟ್ಟಲುಗಳನ್ನು ಡಬ್ಬಿಯಲ್ಲಿ, ನಡುವೆ ಪೇಪರ್ ಹಾಸಿ ಜೋಡಿಸಿ. ಮೇಲೆ ಹೇಳಿದ ಅಳತೆಯ ನಾಲ್ಕರಷ್ಟು ಮಾಡಿದರೆ ಒಡೆದದ್ದು ಹೋಗಿಯೂ 40 ಸಿಗುತ್ತದೆ. ಕ್ರೀಮನ್ನು ಮುಚ್ಚಳ ಬಿಗಿಯಾದ ಪಾತ್ರೆಯಲ್ಲಿ ಹಾಕಿ, ಐಸ್ ತುಂಬಿದ ಕೂಲರ್ ಬ್ಯಾಗಿನಲ್ಲಿಡಿ. ದಾರಿ 60 ಕಿಲೋಮೀಟರಿನ ಆಸುಪಾಸೇ, ಆದರೂ ಹಾಲಿನ ಪದಾರ್ಥ ಹೊರಗಿನ ಸೆಕೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಹಣ್ಣು ಅಲ್ಲಿಯೇ ಕೊಯ್ಯಿರಿ. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ತಂಗಿಯನ್ನೂ ಇನ್ನಿಬ್ಬರನ್ನೂ ಕೂರಿಸಿಕೊಂಡರೆ ಅರ್ಧ ಗಂಟೆಯಲ್ಲಿ 40 ತುಂಬಿಸಿ ಆಗುತ್ತದೆ. ಮನೆಯಲ್ಲಿ ಮೊಟ್ಟೆ ತಿನ್ನದ ಹಿರಿಯರಿದ್ದರೆ ಕಸ್ಟರ್ಡ್ ಪುಡಿಯ ಕ್ರೀಮನ್ನೇ ಮಾಡಿ, ಇದು ಮೊಟ್ಟೆ ಹಾಕದ್ದು ಅಂತ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಕೇಳಲು ಸಂಕೋಚಪಟ್ಟು ಸುಮ್ಮನೆ ಬದಿಗಿಡುತ್ತಾರೆ.